ಒಂದರಿಂದ ಆರಕ್ಕೆ, ಆರರಿಂದ ಒಂದಕ್ಕೆ

ಸಂಖ್ಯೆ

12345654321. ಹನ್ನೊಂದು ಅಂಕಿ. ಒಂದರಿಂದ ಹೊರಟು ಒಂದೊಂದೇ ಏರಿ ಆರನ್ನು ಮುಟ್ಟುತ್ತದೆ, ಅದೇ ಕ್ರಮದಲ್ಲಿ ಇಳಿದು ಮತ್ತೆ ಒಂದಕ್ಕೆ ನಿಲ್ಲುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ನಾವು ಹಣ ಬರೆಯುವ ರೀತಿಯಲ್ಲಿ ಅಲ್ಪವಿರಾಮ ಹಾಕಿದರೆ 12,34,56,54,321 ಆಗುತ್ತದೆ. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಹಾಗೆ ಬಾಯಲ್ಲಿ ಹೇಳಿದರೆ ಅದರ ಅಂದ ಕಿವಿಗೆ ಬೀಳುವುದೇ ಇಲ್ಲ. ಕಾಗದದ ಮೇಲೆ ಅಂಕಿಗಳನ್ನು ಬಿಡಿಬಿಡಿಯಾಗಿ ಬರೆದಾಗಲೇ ಅದು ಕಣ್ಣಿಗೆ ಕಟ್ಟುತ್ತದೆ.

ಆರಕ್ಕೇ ಯಾಕೆ ನಿಂತಿತು? ಒಂಬತ್ತರವರೆಗೆ ಹೋಗಬಹುದಿತ್ತಲ್ಲ? ಈ ಟಿಪ್ಪಣಿಗಳೆಲ್ಲ ಹುಟ್ಟಿದ್ದು ಈ ಪ್ರಶ್ನೆಯಿಂದ.

ಎಲ್ಲಿ ಸಿಗುತ್ತದೆ

ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ. ಗ್ರಂಥದ ಆರಂಭದಲ್ಲೇ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ಅವನ ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದ ಕವಿರಾಜಮಾರ್ಗವೂ ಇದೇ ದೊರೆಯ ಆಸ್ಥಾನದ್ದು. ಭಾಷೆಯ ಲಕ್ಷಣ ಒಂದು ಕಡೆ, ಲೆಕ್ಕದ ಲಕ್ಷಣ ಇನ್ನೊಂದು ಕಡೆ. ಎರಡೂ ಒಬ್ಬನೇ ಅರಸನ ಕಾಲದ ಕೆಲಸ.

1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮ ಅವರ ಕನ್ನಡ ಅನುವಾದ ಬಂತು.

ಮೊದಲ ಅಧ್ಯಾಯದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳ ಹೆಸರಿವೆ. ಏಕ, ದಶ, ಶತ ಎಂದು ಶುರುವಾಗಿ ಮಹಾಕ್ಷೋಭದವರೆಗೆ. ಹನ್ನೊಂದನೆಯ ಸ್ಥಾನದ ಹೆಸರು ಅರ್ಬುದ. ನಮ್ಮ ಸಂಖ್ಯೆಯ ಎಡತುದಿಯ ಒಂದು ಕೂತಿರುವುದು ಅಲ್ಲಿ.

ಗುಣಾಕಾರಕ್ಕೆ ಮಹಾವೀರಾಚಾರ್ಯರು ಬಳಸುವ ಹೆಸರು ಪ್ರತ್ಯುತ್ಪನ್ನ. ಆ ಭಾಗದಲ್ಲಿ ಬರುವ ಕೆಲವು ಲೆಕ್ಕಗಳನ್ನು ಒಟ್ಟಿಗೆ ಬರೆದುಕೊಂಡಿದ್ದೇನೆ:

139 × 109 = 15151
152207 × 73 = 11111111
12345679 × 9 = 111111111
14287143 × 7 = 100010001
142857143 × 7 = 1000000001
333333666667 × 33 = 11000011000011
27994681 × 441 = 12345654321

ಇಂಥ ಉತ್ತರಗಳನ್ನು ಅವರು ಕೊರಳಹಾರಕ್ಕೆ ಹೋಲಿಸುತ್ತಾರೆ. ಎರಡು ಕಡೆಯಿಂದಲೂ ಒಂದೇ ಕ್ರಮದಲ್ಲಿ ಮಣಿ ಪೋಣಿಸಿದ ಹಾರ. ಕೊನೆಯ ಹಾರ ಮಾತ್ರ ಉಳಿದವುಗಳಿಗಿಂತ ಬೇರೆ ಜಾತಿಯದು. ಇತರ ಉತ್ತರಗಳಲ್ಲಿ ಒಂದು, ಸೊನ್ನೆ, ಐದು ಇಷ್ಟೇ ಅಂಕಿಗಳು. ಇದರಲ್ಲಿ ಏರಿಳಿತವಿದೆ.

ಕೈಯಾರೆ ಗುಣಿಸಿ ನೋಡಿದ್ದು

27994681ನ್ನು 441ರಿಂದ ಗುಣಿಸಲು ಮೂರು ಸಾಲು ಸಾಕು. ಒಂದರಿಂದ, ನಲವತ್ತರಿಂದ, ನಾನೂರರಿಂದ:

27994681
1119787240
11197872400

ಈ ಮೂರು ಸಾಲುಗಳಲ್ಲಿ ಹಾರದ ಸುಳಿವೇ ಇಲ್ಲ. ಬಿಡಿಸ್ಥಾನದಿಂದ ಕೂಡುತ್ತಾ, ಹಿಂದಿನ ಕಂಬಸಾಲಿನ ದಶಕವನ್ನೂ ಸೇರಿಸಿಕೊಳ್ಳುತ್ತಾ ಹೋದರೆ ಒಂದೊಂದು ಕಂಬಸಾಲಿನ ಮೊತ್ತ ಹೀಗೆ ಬರುತ್ತದೆ: 1, 12, 13, 14, 25, 26, 25, 14, 3, 2, 1. ಪ್ರತಿ ಮೊತ್ತದ ಬಿಡಿ ಅಂಕಿಯನ್ನು ಬರೆದು ದಶಕವನ್ನು ಮುಂದಕ್ಕೆ ಒಯ್ದರೆ 1, 2, 3, 4, 5, 6, 5, 4, 3, 2, 1.

ಲಕ್ಷದ ಸ್ಥಾನದಲ್ಲಿ 9, 7, 8 ಸೇರಿ 24. ಹಿಂದಿನಿಂದ ಬಂದ ದಶಕ 2. ಮೊತ್ತ 26. ಶಿಖರದ ಆರು ಬಂದದ್ದು ಹೀಗೆ. ಅಷ್ಟು ಒರಟು ಅಂಕಿಗಳು ಸೇರಿ ಅಷ್ಟು ನಯವಾದ ಫಲ ಕೊಡುವುದನ್ನು ಪೆನ್ಸಿಲ್ ಹಿಡಿದು ನೋಡಬೇಕು. ಕ್ಯಾಲ್ಕುಲೇಟರ್ ಉತ್ತರವನ್ನು ತೋರಿಸುತ್ತದೆ, ಅದು ಮೂಡಿಬರುವುದನ್ನು ತೋರಿಸುವುದಿಲ್ಲ.

ಇದರೊಳಗೆ ಒಬ್ಬ ಒಳ್ಳೆಯ ಮೇಷ್ಟ್ರ ಯೋಚನೆಯೂ ಇದೆ. ಒಂದು ದಶಕ ಮರೆತರೆ ಹಾರ ಅಲ್ಲೇ ಹರಿಯುತ್ತದೆ. ಉತ್ತರ ಸರಿಯೋ ತಪ್ಪೋ ಎಂದು ವಿದ್ಯಾರ್ಥಿ ಯಾರನ್ನೂ ಕೇಳಬೇಕಾಗಿಲ್ಲ, ಬಂದ ಉತ್ತರವೇ ಹೇಳಿಬಿಡುತ್ತದೆ. ಸಾವಿರದ ನೂರು ವರ್ಷಕ್ಕೂ ಹಿಂದೆ ಗುಣಾಕಾರ ಕಲಿಸುವಾಗ ಇಷ್ಟು ಕಾಳಜಿ ವಹಿಸಿದ್ದರೆಂಬುದು ದೊಡ್ಡ ಮಾತು.

ಏರಿಳಿತದ ಕಾರಣ

ಆರು ಒಂದುಗಳ ಸಂಖ್ಯೆ 111111. ಅದನ್ನು ಅದರಿಂದಲೇ ಗುಣಿಸಿದರೆ 12345654321. ಕಾರಣ ಸರಳ. 111111ನ್ನು ಆರು ಸಲ, ಪ್ರತಿ ಸಲ ಒಂದು ಸ್ಥಾನ ಎಡಕ್ಕೆ ಸರಿಸಿ ಕೆಳಗೆ ಕೆಳಗೆ ಬರೆಯಬೇಕು. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು ಒಂದು, ಆಮೇಲೆ ಮೂರು. ನಡುವಿನಲ್ಲಿ ಆರು. ಆಮೇಲೆ ಇಳಿಕೆ. ಎಲ್ಲೂ ಮೊತ್ತ ಹತ್ತನ್ನು ಮುಟ್ಟುವುದಿಲ್ಲ. ಶಾಲೆಯಲ್ಲಿ ಹೇಳುವ ಹಾಗೆ ಇದು ದಶಕರಹಿತ ಸಂಕಲನ.

ಒಂಬತ್ತು ಒಂದುಗಳವರೆಗೆ ಇದು ನಡೆಯುತ್ತದೆ. 111111111ರ ವರ್ಗ 12345678987654321. ಹತ್ತು ಒಂದುಗಳಿಗೆ ಬಂದರೆ ಕೆಡುತ್ತದೆ: 1234567900987654321. ನಡುವಿನ ಕಂಬಸಾಲಿನ ಮೊತ್ತ ಹತ್ತು, ಅಲ್ಲಿ ಸೊನ್ನೆ ಬರೆದು ದಶಕ ಎಡಕ್ಕೆ ಹೋಗುತ್ತದೆ. ಅಲ್ಲಿದ್ದ ಒಂಬತ್ತು ಹತ್ತಾಗುತ್ತದೆ, ಮತ್ತೊಂದು ಸೊನ್ನೆ, ಮತ್ತೊಂದು ದಶಕ. ಅದು ಎಂಟಕ್ಕೆ ಸೇರಿ ಒಂಬತ್ತು. ಎಡಭಾಗದಲ್ಲಿ ಎಂಟು ಕಾಣೆಯಾದದ್ದು ಹೀಗೆ.

ಮಹಾವೀರಾಚಾರ್ಯರ ಇನ್ನೊಂದು ಲೆಕ್ಕದಲ್ಲಿ 12345679 ಎಂಬ ಸಂಖ್ಯೆ ಇದೆ. ಅದರಲ್ಲೂ ಎಂಟು ಇಲ್ಲ. ಒಂದನ್ನು 81ರಿಂದ ಭಾಗಿಸಿದರೆ ದಶಮಾಂಶದಲ್ಲಿ 012345679 ಮತ್ತೆ ಮತ್ತೆ ಬರುತ್ತಿರುತ್ತದೆ. ಅಲ್ಲೂ ಹತ್ತು ಎಂಬ ಮೊತ್ತದ ದಶಕ ಎಡಕ್ಕೆ ಹೋಗಿ ಒಂಬತ್ತನ್ನು ಸೊನ್ನೆ ಮಾಡುತ್ತದೆ, ಎಂಟನ್ನು ಒಂಬತ್ತು ಮಾಡುತ್ತದೆ. ಮೇಲ್ನೋಟಕ್ಕೆ ಸಂಬಂಧವಿಲ್ಲದ ಎರಡು ಲೆಕ್ಕಗಳಲ್ಲಿ ಒಂದೇ ಅಂಕಿ ಒಂದೇ ಕಾರಣಕ್ಕೆ ತಪ್ಪಿಹೋಗಿದೆ.

ಒಳಗೆ ಏನಿದೆ

ದೊಡ್ಡ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಒಡೆಯಬೇಕು: 12, 345, 654, 321. ನಾಲ್ಕನ್ನೂ ಕೂಡಿದರೆ 1332, ಅಂದರೆ 36 × 37. ಹಾಗಾಗಿ ಇಡೀ ಸಂಖ್ಯೆ 37ರಿಂದ ಭಾಗವಾಗುತ್ತದೆ. ಕೂಡುವ ಬದಲು ಒಂದು ಬಿಟ್ಟು ಒಂದು ಕಳೆದರೆ, 321 − 654 + 345 − 12, ಸೊನ್ನೆ. ಹಾಗಾಗಿ 1001ರಿಂದ ಭಾಗವಾಗುತ್ತದೆ. 1001 ಎಂದರೆ 7 × 11 × 13. ಅಂಕಿಗಳ ಮೊತ್ತ 36, ಆದ್ದರಿಂದ ಮೂರರಿಂದಲೂ ಭಾಗವಾಗುತ್ತದೆ.

111111 = 3 × 7 × 11 × 13 × 37. ಐದು ಅವಿಭಾಜ್ಯ ಸಂಖ್ಯೆಗಳು, ಒಂದೊಂದೂ ಒಂದೊಂದು ಸಲ. ಅದರ ವರ್ಗದಲ್ಲಿ ಒಂದೊಂದೂ ಎರಡೆರಡು ಸಲ. ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಹಾಗಾಗಿ ಭಾಜಕಗಳು ಒಟ್ಟು 3 × 3 × 3 × 3 × 3 = 243.

ಅಕ್ಕಪಕ್ಕದ ಒಂದುಗಳ ಸಂಖ್ಯೆಗಳು ಇಷ್ಟು ಉದಾರಿಗಳಲ್ಲ. 11111 = 41 × 271. 1111111 = 239 × 4649. ಎರಡರಲ್ಲೂ ಎರಡೆರಡೇ ಅವಿಭಾಜ್ಯಗಳು. ಹತ್ತೊಂಬತ್ತು ಒಂದುಗಳ ಸಂಖ್ಯೆಗೆ ಅದೂ ಇಲ್ಲ, ಅದೇ ಅವಿಭಾಜ್ಯ. ಇಪ್ಪತ್ತಮೂರು ಒಂದುಗಳದ್ದೂ ಹಾಗೆಯೇ. 1031 ಒಂದುಗಳ ಸಂಖ್ಯೆ ಅವಿಭಾಜ್ಯವೆಂದು ಹ್ಯೂ ವಿಲಿಯಮ್ಸ್ ಮತ್ತು ಹಾರ್ವಿ ಡಬ್ನರ್ 1986ರಲ್ಲಿ ಸಾಧಿಸಿದರು. ಒಂದೇ ಅಂಕಿಯನ್ನು ಸಾಲಾಗಿ ಬರೆಯುವುದಷ್ಟೇ, ಆದರೂ ಒಂದೊಂದರ ಗುಣ ಒಂದೊಂದು ಥರ. ಎಷ್ಟು ಒಂದುಗಳು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

441ನ್ನೇ ಯಾಕೆ ಆರಿಸಿದರು

243 ಭಾಜಕಗಳಿದ್ದರೆ 12345654321ನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ 122 ರೀತಿಯಲ್ಲಿ ಬರೆಯಬಹುದು. ಮಹಾವೀರಾಚಾರ್ಯರು ಆರಿಸಿಕೊಂಡದ್ದು ಅವುಗಳಲ್ಲಿ ಒಂದನ್ನು.

111111 × 111111 ಎಂದು ಕೊಡಬಹುದಿತ್ತು. ಆಗ ಹಾರ ಲೆಕ್ಕದಲ್ಲೇ ಅರ್ಧ ಕಾಣಿಸಿಬಿಡುತ್ತದೆ. 102030201 × 121 ಎಂದು ಕೊಡಬಹುದಿತ್ತು. ಅಲ್ಲಿ ಎರಡೂ ಸಂಖ್ಯೆಗಳು ಸ್ವತಃ ಹಾರಗಳು, ಬೆರಗು ಉಳಿಯುವುದಿಲ್ಲ. 27994681ನ್ನು ನೋಡಿದರೆ ಏನೂ ತಿಳಿಯುವುದಿಲ್ಲ. ಗುಣಿಸುವವನು ಕೊನೆಯ ಸಂಕಲನದವರೆಗೆ ಕತ್ತಲಲ್ಲೇ ಇರಬೇಕು. ಲೆಕ್ಕ ಕಟ್ಟಿದವರು ಹಾರವನ್ನು ಬೇಕೆಂದೇ ಬಚ್ಚಿಟ್ಟಿದ್ದಾರೆ ಎಂದು ನನಗೆ ಅನಿಸುತ್ತದೆ.

ಬಚ್ಚಿಡುವುದಷ್ಟೇ ಉದ್ದೇಶವಾಗಿದ್ದರೆ 49 ಸಾಕಿತ್ತು: 251952129 × 49. 169 ಕೂಡ ಆಗುತ್ತಿತ್ತು: 73051209 × 169. ಎರಡೂ ಅಷ್ಟೇ ಒರಟು. ಹಾಗಾದರೆ 441ರಲ್ಲಿ ಏನು ಹೆಚ್ಚು?

441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21 × 5291 = 111111. ಇಪ್ಪತ್ತೊಂದು ಎಂದರೆ 1 + 2 + 3 + 4 + 5 + 6.

ಇಲ್ಲಿ ಪೆನ್ಸಿಲ್ ನಿಂತಿತು. ಒಂದರಿಂದ ಆರರವರೆಗೆ ಏರುವ ಸಂಖ್ಯೆ, ಅದರ ಗುಣಕವೋ ಒಂದರಿಂದ ಆರರವರೆಗಿನ ಮೊತ್ತದ ವರ್ಗ. ಮೊತ್ತದ ವರ್ಗ ಎಂದರೆ ಘನಗಳ ಮೊತ್ತವೂ ಹೌದು: 1 + 8 + 27 + 64 + 125 + 216 = 441. ಈ ನಿಯಮವನ್ನು ಆರ್ಯಭಟ 499ರಲ್ಲೇ ಹೇಳಿದ್ದ. ಶ್ರೇಢಿಗಳ ಘನಸಂಕಲಿತ ಮಹಾವೀರಾಚಾರ್ಯರಿಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಅವರು ಇದನ್ನು ಕಂಡೇ 441ನ್ನು ಆರಿಸಿದರೋ, ಅಥವಾ ಸಂಖ್ಯೆಯೇ ತನ್ನಷ್ಟಕ್ಕೆ ಹೀಗೆ ಕೂಡಿಬಂತೋ? ಶ್ಲೋಕ ಲೆಕ್ಕವನ್ನು ಕೊಟ್ಟು ಮುಂದೆ ಹೋಗುತ್ತದೆ.

ದಾಳಗಳು

ಆರು ಮುಖದ ಎರಡು ದಾಳಗಳನ್ನು ಉರುಳಿಸಿದರೆ ಮೊತ್ತ 2 ಬರುವ ದಾರಿ ಒಂದೇ: ಎರಡರಲ್ಲೂ ಒಂದು ಬೀಳಬೇಕು. 3 ಬರಲು ಎರಡು ದಾರಿ, 4 ಬರಲು ಮೂರು. 7 ಬರಲು ಆರು. ಆಮೇಲೆ ಇಳಿಕೆ, 12 ಬರಲು ಮತ್ತೆ ಒಂದೇ ದಾರಿ. ಸಾಲಾಗಿ ಬರೆದರೆ 1, 2, 3, 4, 5, 6, 5, 4, 3, 2, 1. ಅದೇ ಹಾರ. ಅಂಕಿಗಳ ಮೊತ್ತ 36 ಆಗಿರುವುದೂ ಅದಕ್ಕೇ, ಎರಡು ದಾಳ ಬೀಳುವ ಒಟ್ಟು ರೀತಿ 36.

ಇದು ಆಕಸ್ಮಿಕವಲ್ಲ. ಒಂದು ದಾಳದಲ್ಲಿ ಒಂದರಿಂದ ಆರರವರೆಗೆ ಪ್ರತಿ ಅಂಕಿಗೂ ಒಂದೊಂದೇ ಮುಖ. ಅದನ್ನು ಸಾಲಾಗಿ ಬರೆದರೆ 111111. ಎರಡನೆಯ ದಾಳವೂ 111111. ಒಂದರ ಪ್ರತಿ ಮುಖ ಇನ್ನೊಂದರ ಪ್ರತಿ ಮುಖದ ಜೊತೆ ಸೇರುವುದೇ ಗುಣಾಕಾರ.

ಹಾಗಿದ್ದರೆ ಬೇರೆ ಅಪವರ್ತನದಿಂದ ಬೇರೆ ದಾಳ ಬರಬೇಕಲ್ಲ? ಬರುತ್ತದೆ. 122 ರೀತಿಗಳಲ್ಲಿ ಒಂದು ಇದು:

1221 × 10111101 = 12345654321

1221ನ್ನು ದಾಳವಾಗಿ ಓದಬೇಕು. 1 ಇರುವ ಮುಖ ಒಂದು, 2 ಇರುವವು ಎರಡು, 3 ಇರುವವು ಎರಡು, 4 ಇರುವುದು ಒಂದು. ಅಂದರೆ 1, 2, 2, 3, 3, 4. ಇನ್ನೊಂದನ್ನು ಓದಿದರೆ 1 ಇದೆ, 2 ಇಲ್ಲ, 3ರಿಂದ 6ರವರೆಗೆ ಇವೆ, 7 ಇಲ್ಲ, 8 ಇದೆ. ಅಂದರೆ 1, 3, 4, 5, 6, 8. ಈ ಜೋಡಿಯನ್ನು ಉರುಳಿಸಿದರೆ ಪ್ರತಿ ಮೊತ್ತ ಬೀಳುವ ಸಂಭವ ಮಾಮೂಲಿ ದಾಳಗಳದ್ದೇ. ಇವನ್ನು ಕಂಡುಹಿಡಿದವರು ಅಮೆರಿಕದ ಬಫಲೊ ನಗರದ ಜಾರ್ಜ್ ಸಿಚರ್ಮನ್. 1978ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಅಂಕಣದಲ್ಲಿ ಮಾರ್ಟಿನ್ ಗಾರ್ಡ್ನರ್ ಇದನ್ನು ಎಲ್ಲರಿಗೂ ತಿಳಿಸಿದರು. ಪ್ರತಿ ಮುಖದಲ್ಲೂ ಒಂದು ಅಥವಾ ಅದಕ್ಕಿಂತ ದೊಡ್ಡ ಪೂರ್ಣಸಂಖ್ಯೆ ಇರಬೇಕು ಎಂದರೆ, ಮಾಮೂಲಿ ಜೋಡಿಯನ್ನು ಬಿಟ್ಟು ಇದೊಂದೇ ಜೋಡಿ ಸಾಧ್ಯ.

ಮಳಖೇಡದ ಅರಸನ ಕಾಲದ ಗುಣಾಕಾರದ ಲೆಕ್ಕಕ್ಕೂ ಬಫಲೊದ ದಾಳಕ್ಕೂ ಉತ್ತರ ಒಂದೇ ಸಂಖ್ಯೆ. ಸಂಖ್ಯೆಗೆ ಊರಿಲ್ಲ, ಕಾಲವಿಲ್ಲ ಎನ್ನುವುದನ್ನು ಕೇಳಿದ್ದೆ. ಇಲ್ಲಿ ಕಣ್ಣಾರೆ ಕಂಡೆ. ಅಂದ ಹಾಗೆ, ಒಂದು ಮಾಮೂಲಿ ದಾಳದ ಮೇಲಿನ ಒಟ್ಟು ಚುಕ್ಕೆಗಳು 21.

ಆರೇ ಯಾಕೆ

ಒಂದು ಪರೀಕ್ಷೆ ಮಾಡಿದೆ. ಎಷ್ಟು ಒಂದುಗಳಿವೆಯೋ ಅಷ್ಟರವರೆಗಿನ ಮೊತ್ತದಿಂದ ಆ ಸಂಖ್ಯೆ ಭಾಗವಾಗುತ್ತದೆಯೇ? 11ಕ್ಕೆ ಮೊತ್ತ 3, ಭಾಗವಾಗುವುದಿಲ್ಲ. 111ಕ್ಕೆ 6, ಇಲ್ಲ. 1111ಕ್ಕೆ 10, ಇಲ್ಲ. 11111ಕ್ಕೆ 15, ಇಲ್ಲ. 111111ಕ್ಕೆ 21, ಹೌದು. ಏಳು ಒಂದುಗಳಿಗೆ 28, ಎಂಟಕ್ಕೆ 36, ಒಂಬತ್ತಕ್ಕೆ 45, ಯಾವುದೂ ಇಲ್ಲ. ಬರಿಯ ಒಂದನ್ನು ಬಿಟ್ಟರೆ ಒಂಬತ್ತರೊಳಗೆ ಆರೊಂದೇ.

ಕಾರಣ ಹುಡುಕಿದರೆ ಏಳರ ಬಾಗಿಲಿಗೆ ಹೋಗಬೇಕಾಗುತ್ತದೆ. ಒಂದನ್ನು ಏಳರಿಂದ ಭಾಗಿಸಿದರೆ 142857 ಎಂಬ ಆರು ಅಂಕಿಗಳು ಆವರ್ತಿಸುತ್ತವೆ. ಆವರ್ತನ ಆರು ಅಂಕಿಯದ್ದು, ಆದ್ದರಿಂದ 999999 ಏಳರಿಂದ ಭಾಗವಾಗುತ್ತದೆ, ಅದರ ಒಂಬತ್ತನೆಯ ಒಂದು ಪಾಲಾದ 111111 ಕೂಡ. ಒಂದರಿಂದ ಆರರವರೆಗಿನ ಮೊತ್ತ ಎಂದರೆ ಆರೇಳಲೆ ನಲವತ್ತೆರಡರ ಅರ್ಧ, ಅಂದರೆ 3 × 7. ಏಳು ಆವರ್ತನದಿಂದ ಬಂತು. ಮೂರು ಅಂಕಿಗಳ ಮೊತ್ತದಿಂದ ಬಂತು, ಆರು ಒಂದುಗಳ ಮೊತ್ತ ಆರು. ಮಹಾವೀರಾಚಾರ್ಯರ ಪಟ್ಟಿಯಲ್ಲಿ 142857143 × 7 ಇರುವುದನ್ನು ಈಗ ಹೊಸ ಕಣ್ಣಿನಿಂದ ನೋಡುತ್ತೇನೆ. ಏಳರ ಈ ಗುಣ ಅವರ ಕೈಗೆ ಚೆನ್ನಾಗಿ ಪಳಗಿತ್ತು.

ಒಂಬತ್ತನ್ನು ದಾಟಿ ಮುಂದೆ ಹೋದರೆ ಈ ಪರೀಕ್ಷೆಯಲ್ಲಿ ಗೆಲ್ಲುವ ಮುಂದಿನ ಸಂಖ್ಯೆ 18, ಅದರ ನಂತರ 22. ಅಲ್ಲೂ ನೆರೆಯವರು 19 ಮತ್ತು 23. ಒಂದನ್ನು 19ರಿಂದ ಭಾಗಿಸಿದರೆ ಆವರ್ತನ ಹದಿನೆಂಟು ಅಂಕಿಯದ್ದು, 23ರಿಂದ ಭಾಗಿಸಿದರೆ ಇಪ್ಪತ್ತೆರಡು ಅಂಕಿಯದ್ದು. ಆದರೆ ಅಷ್ಟು ಒಂದುಗಳ ವರ್ಗದಲ್ಲಿ ದಶಕಗಳು ಸೇರಿ ಏರಿಳಿತ ಅಳಿಸಿಹೋಗುತ್ತದೆ. ಏರಿಳಿತವೂ ಇರಬೇಕು, ಮೊತ್ತದ ವರ್ಗವೇ ಗುಣಕವೂ ಆಗಬೇಕು ಎಂದರೆ ಆರನ್ನು ಬಿಟ್ಟರೆ ಬೇರೆ ಇಲ್ಲ.

ಹತ್ತೇ ಯಾಕೆ

ಕೊನೆಯ ಸಂದೇಹ. ನಾವು ಹತ್ತರ ಆಧಾರದಲ್ಲಿ ಎಣಿಸುತ್ತೇವೆ. ಏಳರ ಆಧಾರದಲ್ಲಿ ಎಣಿಸುವವರಿದ್ದರೆ ಅವರಿಗೂ ಈ ಹಾರ ಸಿಗುತ್ತಿತ್ತೇ? ಸಿಗುತ್ತಿತ್ತು. ಅವರು 111111 ಎಂದು ಬರೆಯುವುದು ನಮ್ಮ ಲೆಕ್ಕದಲ್ಲಿ 19608. ಅದರ ವರ್ಗ ನಮಗೆ 384473664, ಅವರು ಬರೆಯುವುದು 12345654321. ಎಂಟು, ಒಂಬತ್ತು, ಹನ್ನೆರಡು, ಹದಿನಾರು, ಯಾವ ಆಧಾರವಾದರೂ ಸರಿ, ಏಳಕ್ಕಿಂತ ಕಡಿಮೆ ಇರಬಾರದು ಅಷ್ಟೆ. ಶಿಖರದ ಆರು ಒಂದೇ ಅಂಕಿಯಾಗಿ ಹಿಡಿಸಿದರೆ ಸಾಕು.

441ರ ಮಾತು ಬೇರೆ. ಏಳರ ಆಧಾರದ 19608 ಏಳರಿಂದ ಭಾಗವಾಗುವುದಿಲ್ಲ. ಎಂಟರ ಆಧಾರದಲ್ಲಿ ಆರು ಒಂದುಗಳು ಎಂದರೆ ನಮ್ಮ 37449, ಅದೂ ಏಳರಿಂದ ಭಾಗವಾಗುವುದಿಲ್ಲ. ಒಂಬತ್ತರ ಆಧಾರದಲ್ಲಿ 66430. ಏಳು ಒಪ್ಪಿದರೆ ಮೂರು ಒಪ್ಪುವುದಿಲ್ಲ. ಹತ್ತಕ್ಕೆ ಬಂದಾಗ ಎರಡೂ ಒಪ್ಪುತ್ತವೆ. ಹತ್ತರ ನಂತರ ಹನ್ನೊಂದರಲ್ಲೂ ಒಪ್ಪುತ್ತವೆ, ಹನ್ನೆರಡರಲ್ಲಿ ಇಲ್ಲ, ಹದಿಮೂರರಲ್ಲಿ ಉಂಟು, ಹದಿನಾಲ್ಕು ಹದಿನೈದರಲ್ಲಿ ಇಲ್ಲ.

ಅಂದಮೇಲೆ ಹಾರ ಎಲ್ಲ ಆಧಾರಗಳಿಗೂ ಸೇರಿದ್ದು, ಗುಣಕ ಕೆಲವಕ್ಕೆ ಮಾತ್ರ. ಈ ಎರಡೂ ಒಟ್ಟಿಗೆ ಸಿಗುವ ಮೊಟ್ಟಮೊದಲ ಆಧಾರ ನಮ್ಮ ಹತ್ತು.

ಮಹಾವೀರಾಚಾರ್ಯರು ಇಷ್ಟನ್ನೆಲ್ಲ ಯೋಚಿಸಿರಬೇಕಾಗಿಲ್ಲ. ಸಂಖ್ಯೆಗಳನ್ನು ದಿನವೂ ಕೈಯಲ್ಲಿ ಆಡಿಸುವವನಿಗೆ ಯಾವುದು ಯಾವುದಕ್ಕೆ ಕೂಡುತ್ತದೆ ಎಂಬ ಹದ ಸಿಕ್ಕಿರುತ್ತದೆ, ಕಾರಣ ಆಮೇಲೆ ಬರುತ್ತದೆ. ಅವರ ಪಟ್ಟಿಯಲ್ಲಿ 333333666667 × 33 ಇನ್ನೂ ಬಿಡಿಸದೆ ಕೂತಿದೆ. ಅದರ ಉತ್ತರ 11 ಮತ್ತು 1000001000001ರ ಗುಣಲಬ್ಧ ಎನ್ನುವವರೆಗೆ ಬಂದಿದ್ದೇನೆ. 33ನ್ನು ಯಾಕೆ ಆರಿಸಿದರು ಎಂದು ಕೇಳುವ ಕೆಲಸ ಬಾಕಿ ಇದೆ.